ಕಪ್ಪು ಚೌಕ ಮತ್ತು ದೇವರ ಮೂಲೆ

ಪ್ರಿಯ ಮೇಷ್ಟ್ರೇ,

ಕಳೆದ ಸಂಚಿಕೆಯಲ್ಲಿ ನಾವು ಅಚ್ಚು ಹಾಕಿದ್ದ ಚಿತ್ರಕಾರ ಮಾಲೆವಿಚ್‌ನ 'ಕಪ್ಪು ಚೌಕ' (ಬಿಳಿಯ ಮೇಲೆ ಬರೀ ಒಂದು ಕಪ್ಪು ಚೌಕ) ನೋಡಿ ನಿಮಗೆ ಬೇಸರವಾಗಿದೆ. "ಮಕ್ಕಳಿಗೆ ಡ್ರಾಯಿಂಗ್ ಕಲಿಸಿಯೇ ರಿಟೈರ್ ಆದವನು ನಾನು. ಇದನ್ನು ನನ್ನ ಮೊಮ್ಮಗಳೂ ಬಿಡಿಸ್ತಾಳೆ. ಪರಂಪರೆಯನ್ನು ಒದ್ದು ಹೋದವರನ್ನು ಯಾಕೆ ಹೊಗಳುತ್ತೀರಿ?" ಎಂದು ಕೇಳಿದ್ದೀರಿ.

ಒಂದು ಮಾತು ಮೊದಲೇ ಒಪ್ಪಿಬಿಡುತ್ತೇನೆ. 1909ರಲ್ಲಿ ಇಟಲಿಯ ಕವಿ ಮಾರಿನೆಟ್ಟಿ, ಹೊಸ ಕಲೆಯ ಘೋಷಣೆಯಲ್ಲಿ, ಮ್ಯೂಸಿಯಂ ಲೈಬ್ರರಿಗಳನ್ನೆಲ್ಲ ನಾಶ ಮಾಡುತ್ತೇವೆ ಎಂದು ಬರೆದ. ಯುದ್ಧವನ್ನೂ ಕೊಂಡಾಡಿದ. ಅದನ್ನು ಸಮರ್ಥಿಸುವುದು ನನ್ನಿಂದಾಗದು. ಆದರೆ ಆ ಕಾಲದ ಎಲ್ಲ ಕಲಾವಿದರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಕಪ್ಪು ಚೌಕವನ್ನು ಜನ ಮೊದಲು ನೋಡಿದ್ದು 1915ರ ಡಿಸೆಂಬರ್‌ನಲ್ಲಿ, ರಷ್ಯಾದ ಪೆಟ್ರೋಗ್ರಾಡ್‌ನ (ಈಗಿನ ಸೇಂಟ್ ಪೀಟರ್ಸ್‌ಬರ್ಗ್) '0,10' ಎಂಬ ಚಿತ್ರ ಪ್ರದರ್ಶನದಲ್ಲಿ. ಅದರ ಫೋಟೊ ಉಳಿದಿದೆ. ಬೇರೆ ಚಿತ್ರಗಳು ಗೋಡೆ ತುಂಬ ತೂಗುತ್ತಿವೆ. ಇದೊಂದು ಮಾತ್ರ ಎರಡು ಗೋಡೆ ಕೂಡುವ ಮೂಲೆಯಲ್ಲಿ, ಮೇಲೆ, ಸೂರಿನ ಹತ್ತಿರ ಇದೆ. ರಷ್ಯಾದ ಮನೆಗಳಲ್ಲಿ ಆ ಜಾಗ ದೇವರದು. ಯೇಸು, ಮರಿಯಮ್ಮನ ಪಟ ಇಡುವುದು ಅಲ್ಲೇ. ವಿಮರ್ಶಕ ಅಲೆಕ್ಸಾಂಡರ್ ಬೆನುವಾ ಅದನ್ನು ಗುರುತಿಸಿದ, ಸಿಟ್ಟಾದ. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ದೇವರ ಪಟವಿರಬೇಕಾದ ಕಡೆ ಬರೀ ಕಪ್ಪು ಬಣ್ಣ! ಆದರೂ ಯೋಚಿಸಿ ಮೇಷ್ಟ್ರೇ. ಹಳೆಯದೇ ಬೇಡ ಎನ್ನುವವನು ಆ ಮೂಲೆಯನ್ನೇ ಯಾಕೆ ಹುಡುಕುತ್ತಾನೆ? ಅದರ ಬೆಲೆ ಗೊತ್ತಿದ್ದವನಿಗೆ ಮಾತ್ರ ಹೊಳೆಯುವ ಜಾಗ ಅದು, ಅಲ್ವಾ?

ಇನ್ನು ಮೊಮ್ಮಗಳ ಮಾತು. ಚೌಕ ಸ್ಕೇಲಿಟ್ಟು ಎಳೆದ ಹಾಗಿಲ್ಲ. ನಾಲ್ಕು ಬದಿಗಳೂ ತುಸು ಓರೆ. ಈಗ ಕಪ್ಪಿನ ತುಂಬ ಬಿರುಕು ಬಿಟ್ಟಿದೆ, ಹಳೇ ಪಿಂಗಾಣಿ ತಟ್ಟೆಯ ಹಾಗೆ. ಆ ಸಂದಿಗಳಿಂದ ಬೇರೆ ಬಣ್ಣ ಇಣುಕುತ್ತದೆ. 2015ರಲ್ಲಿ ಮಾಸ್ಕೋದ ಟ್ರೆಟ್ಯಾಕೋವ್ ಗ್ಯಾಲರಿಯವರು ಎಕ್ಸ್‌ರೇ ಹಿಡಿದು ನೋಡಿದಾಗ ಅಡಿಯಲ್ಲಿ ಬಣ್ಣದ ಚಿತ್ರಗಳು ಎರಡಿದ್ದವು. ಎರಡನ್ನೂ ಮುಚ್ಚಿದ ಮೇಲೆ ಉಳಿದದ್ದು ಈ ಕಪ್ಪು. ಅದಕ್ಕೂ ಮುಂಚೆ ಮಾಲೆವಿಚ್ ಬೆಳಕಿನ ಆಟ ಹಿಡಿಯುವ ಇಂಪ್ರೆಷನಿಸ್ಟರ ಹಾಗೆ ಬರೆದಿದ್ದ, ಹೊಲದಲ್ಲಿ ದುಡಿಯುವ ರೈತರನ್ನು ಬರೆದಿದ್ದ, ವಸ್ತುಗಳನ್ನು ಕೋನ ಕೋನವಾಗಿ ಒಡೆದು ಬರೆಯುವ ಕ್ಯೂಬಿಸಂನಲ್ಲೂ ಕೈ ಪಳಗಿಸಿದ್ದ. ಸುಮ್ನೆ ಒಂದು ದಿನ ಎದ್ದು ಬಳಿದದ್ದಲ್ಲ ಅದು.

ನಿಮಗಾಗಿ ಮುಂದಿನ ಸಂಚಿಕೆಯಲ್ಲಿ ಆತನ ಇನ್ನೊಂದು ಚಿತ್ರ ಹಾಕುತ್ತೇವೆ. 1933ರಲ್ಲಿ, ಸಾಯುವ ಎರಡು ವರ್ಷ ಮೊದಲು, ತನ್ನನ್ನೇ ತಾನು ಬರೆದುಕೊಂಡದ್ದು. ಅದರಲ್ಲಿ ರೆನೆಸಾನ್ಸ್ ಕಾಲದ ಉಡುಪು ತೊಟ್ಟು ನಿಂತಿದ್ದಾನೆ. ಕೆಳಗೆ ಬಲಗಡೆ ನೋಡಿ, ಸಹಿಯ ಜಾಗದಲ್ಲಿ ಒಂದು ಪುಟ್ಟ ಕಪ್ಪು ಚೌಕ ಇದೆ.

ನಿಮ್ಮ ವಿಶ್ವಾಸಿ,
ಸಂಪಾದಕ