ನಮ್ಮ ಹೊಂಡದಲ್ಲಿ ಕಪ್ಪೆಗಳು ಕಡಿಮೆಯಾಗಿವೆ. ಅಂತರಗಂಗೆ ಕಳೆ ತೆಗೆಸಿ ಸೊಳ್ಳೆ ಮೀನು ಬಿಟ್ಟರೆ ಸರಿಹೋಗುತ್ತದಾ?

ಆ ಮೀನನ್ನು ದಯವಿಟ್ಟು ಬಿಡಬೇಡಿ. ಅಂತರಗಂಗೆ ವಿಷಯ ಆಮೇಲೆ.

ಮಲೆನಾಡಿನಲ್ಲಿ ನಮ್ಮ ಅಡಿಕೆ ತೋಟದ ಕೆಳಗೆ ಒಂದು ತಗ್ಗು ಇತ್ತು. ಜೂನ್ ಮಳೆಗೆ ತುಂಬುತ್ತಿತ್ತು, ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತಿತ್ತು. ಮೊದಲ ಜೋರು ಮಳೆಯ ರಾತ್ರಿ ಗೂಳಿಕಪ್ಪೆಗಳು ಬಂದು ಸೇರುತ್ತಿದ್ದವು. ಗಂಡುಗಳ ಮೈ ಅರಿಶಿನದ ಹಾಗೆ ಹಳದಿ, ಗಂಟಲಿನ ಚೀಲ ನೀಲಿ. ನೀರಿನ ಮೇಲೆ ಬಾಗಿದ ಕೊಂಬೆಗಳಲ್ಲಿ ಹಾರುವ ಕಪ್ಪೆಗಳು ಮೊಟ್ಟೆ ಇಡುವ ನೊರೆಗೂಡು. ವರ್ಷವಿಡೀ ನೀರು ನಿಲ್ಲಲಿ ಅಂತ ಅದನ್ನು ಜೆಸಿಬಿ ತರಿಸಿ ಆಳ ಮಾಡಿಸಿದೆ. ಸೊಳ್ಳೆಗೆ ಅಂತ ನೀವು ಹೇಳುವ ಸೊಳ್ಳೆ ಮೀನನ್ನೇ, ಅಂದರೆ ಗಂಬೂಸಿಯಾವನ್ನು, ಬಿಟ್ಟೆ. ಮರುವರ್ಷವೂ ಕಪ್ಪೆಗಳು ಬಂದವು, ಮೊಟ್ಟೆ ಇಟ್ಟವು. ಗೊದಮೊಟ್ಟೆಗಳು ಮಾತ್ರ ಉಳಿಯಲಿಲ್ಲ. ಬರುಬರುತ್ತಾ ರಾತ್ರಿಯ ಕೂಗೂ ಕಡಿಮೆಯಾಯಿತು.

ಬಹಳ ದಿನ ಮೀನನ್ನೇ ಬೈದುಕೊಂಡೆ. ಗಂಬೂಸಿಯಾ ಅಮೆರಿಕದ ಮೀನು, ಮಲೇರಿಯಾ ತಡೆಯಲಿಕ್ಕೆ 1928ರಲ್ಲಿ ಭಾರತಕ್ಕೆ ತಂದದ್ದು. ಮೊಟ್ಟೆ ಇಡದೆ ನೇರ ಮರಿ ಹಾಕುತ್ತದೆ, ಬೇಗ ಹೆಚ್ಚುತ್ತದೆ. ಕಪ್ಪೆಯ ಮೊಟ್ಟೆ, ಸಣ್ಣ ಗೊದಮೊಟ್ಟೆ ತಿನ್ನುತ್ತದೆ. ನುಂಗಲಾಗದಷ್ಟು ದೊಡ್ಡದಾದರೆ ಬಾಲ ಕಚ್ಚುತ್ತದೆ. ಆದರೆ ಆ ಮೀನು ಅಲ್ಲಿ ಬದುಕುವ ಹಾಗೆ ಮಾಡಿದವನು ನಾನೇ ಅಲ್ವಾ? ತಗ್ಗು ಪ್ರತಿ ಬೇಸಿಗೆ ಒಣಗುತ್ತಿದ್ದಿದ್ದರೆ ಒಂದು ಮೀನೂ ಉಳಿಯುತ್ತಿರಲಿಲ್ಲ. ಗೂಳಿಕಪ್ಪೆ ಮಳೆನೀರಿನ ತಾತ್ಕಾಲಿಕ ಗುಂಡಿಗಳಲ್ಲಿ ಮೊಟ್ಟೆ ಇಡುವುದು ಅದಕ್ಕೇ. ಅಲ್ಲಿ ಮೀನು ಇರಲ್ಲ. ಮರಿಗಳು ಬೇಗ ಬೆಳೆದು, ನೀರು ಆರುವ ಮೊದಲೇ ದಡ ಹತ್ತುತ್ತವೆ. ನೀರು ಜಾಸ್ತಿಯಾದಷ್ಟೂ ಕಪ್ಪೆ ಜಾಸ್ತಿ ಅಂದುಕೊಂಡಿದ್ದೆ. ಅವುಗಳಿಗೆ ಆ ಬೇಸಿಗೆ ಬೇಕಿತ್ತು, ನಾನು ಅದನ್ನೇ ತೆಗೆದುಬಿಟ್ಟೆ.

ಹಾಗಾಗಿ ಹೊಂಡ ಸ್ವಚ್ಛ ಮಾಡಿದರೆ ಕಪ್ಪೆ ಬರುತ್ತವೆ ಅನ್ನುವ ನಿಮ್ಮ ಲೆಕ್ಕವನ್ನು ನಾನು ಒಪ್ಪಲ್ಲ. ಅಂತರಗಂಗೆ ತೆಗೆಸಿ, ಅದು ನೀರಿನ ಬೆಳಕು, ಆಮ್ಲಜನಕ ಎರಡನ್ನೂ ಕಡಿಮೆ ಮಾಡುತ್ತದೆ. ಆದರೆ ದಡದ ಹುಲ್ಲು, ಜೊಂಡು ಕೆರೆಯಬೇಡಿ. ಪ್ಲಾಸ್ಟಿಕ್ ಹಾಸಿದ ಹೊಂಡವಾದರೆ ಬಿದ್ದ ಕಪ್ಪೆ ಮೇಲೆ ಬರಲಾಗಲ್ಲ, ಹಗ್ಗದ ಬಲೆ ಇಳಿಬಿಡಿ. ತೋಟಕ್ಕೆ ನೀರು ಬೇಕೇ ಬೇಕು ಅಂದರೆ ಹೊಂಡ ಇರಲಿ. ಸ್ವಲ್ಪ ದೂರದಲ್ಲಿ, ಹೊಂಡದ ನೀರು ಉಕ್ಕಿ ಬರದ ಕಡೆ, ಮೊಣಕಾಲುದ್ದದ ಒಂದು ತಗ್ಗು ಮಾಡಿ. ಅದು ಬೇಸಿಗೆಯಲ್ಲಿ ಒಣಗಲಿ.

ಈಗಾಗಲೇ ಮೀನು ಬಿಟ್ಟಿದ್ದರೆ ಏಪ್ರಿಲ್‌ನಲ್ಲಿ ಹೊಂಡ ಪೂರ್ತಿ ಬತ್ತಿಸಿ. ಪಂಪಿನ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ. ಆ ಮೀನನ್ನು ಹಳ್ಳಕ್ಕೆ ಮಾತ್ರ ಬಿಡಬೇಡಿ, ಗೊಬ್ಬರದ ಗುಂಡಿಗೆ ಹಾಕಿ.