ಗಣಿತಜ್ಞೆ ಆನ್ನಾ ಕೀಸನ್‌ಹೋಫರ್ ಟೋಕಿಯೋ ಒಲಿಂಪಿಕ್ಸ್‌ನ ಮಹಿಳೆಯರ ಸೈಕಲ್ ರೇಸಿನಲ್ಲಿ ಚಿನ್ನ ಗೆದ್ದಿದ್ದು ಹೇಗೆ?

ಚುಟುಕಾಗಿ ಹೇಳುವುದಾದರೆ, ಆಕೆ ಮುಂದಿದ್ದಾಳೆ ಎಂಬುದೇ ಹಿಂದಿದ್ದವರಿಗೆ ಗೊತ್ತಿರಲಿಲ್ಲ. ಹಾಗಂತ ಬರೀ ಅದೃಷ್ಟ ಅನ್ನಬೇಡಿ.

ಆಸ್ಟ್ರಿಯಾದ ಆನ್ನಾ ಕೇಂಬ್ರಿಜ್‌ನಲ್ಲಿ ಓದಿ, ಬಾರ್ಸಿಲೋನಾದಲ್ಲಿ ಗಣಿತದ ಪಿಎಚ್‌.ಡಿ. ಮುಗಿಸಿದವರು. 2021ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಸಂಶೋಧಕಿ. ವೃತ್ತಿಪರ ತಂಡವೂ ಇಲ್ಲ, ಕೋಚ್ ಕೂಡ ಇಲ್ಲ. ತರಬೇತಿಯ ಲೆಕ್ಕಾಚಾರವೆಲ್ಲ ಸ್ವಂತದ್ದು.

ಸೈಕಲ್ ರೇಸಿನಲ್ಲಿ ಗುಂಪಿಗೇ ಬಲ ಹೆಚ್ಚು. ಎದುರುಗಾಳಿಯನ್ನು ಮುಂದಿನವರು ಸೀಳುತ್ತಾರೆ, ಹಿಂದಿನವರಿಗೆ ಶ್ರಮ ಉಳಿಯುತ್ತದೆ. ಆದ್ದರಿಂದ ಒಂಟಿಯಾಗಿ ಓಡಿಹೋದವರನ್ನು ಗುಂಪು ಸಾಮಾನ್ಯವಾಗಿ ಕೊನೆಗೆ ಹಿಡಿದೇ ಹಿಡಿಯುತ್ತದೆ. ಆದರೆ ಅದಕ್ಕೆ ಎಷ್ಟು ನಿಮಿಷದ ಅಂತರವಿದೆ, ಮುಂದೆ ಎಷ್ಟು ಜನ ಇದ್ದಾರೆ ಅನ್ನುವುದು ತಿಳಿದಿರಬೇಕಲ್ಲ! ದೊಡ್ಡ ರೇಸುಗಳಲ್ಲಿ ಕಿವಿಯಲ್ಲಿರುವ ರೇಡಿಯೋ ಅದನ್ನು ಹೇಳುತ್ತದೆ. ಒಲಿಂಪಿಕ್ಸ್‌ನಲ್ಲಿ ಅದಕ್ಕೆ ಅನುಮತಿ ಇರಲಿಲ್ಲ.

137 ಕಿ.ಮೀ. ಸ್ಪರ್ಧೆಯ ಆರಂಭದಲ್ಲೇ ಆನ್ನಾ ಇನ್ನು ಕೆಲವರೊಂದಿಗೆ ಮುನ್ನುಗ್ಗಿದರು. ಸುಮಾರು 40 ಕಿ.ಮೀ. ಬಾಕಿಯಿದ್ದಾಗ ಅವರನ್ನೂ ಬಿಟ್ಟು ಒಬ್ಬರೇ ಹೊರಟರು. ಗುಂಪು ಕೊನೆಯ ಕೆಲವು ಕಿಲೋಮೀಟರುಗಳಲ್ಲಿ ಆನ್ನಾ ಜೊತೆ ಹೊರಟವರಲ್ಲಿ ಇನ್ನೂ ಮುಂದೆ ಉಳಿದಿದ್ದ ಇಬ್ಬರನ್ನು ಹಿಡಿದು, ಎಲ್ಲರೂ ಸಿಕ್ಕರೆಂದುಕೊಂಡಿತು. ಡಚ್ ತಾರೆ ಅನ್ನೆಮೀಕ್ ಫಾನ್ ಫ್ಲೂಟನ್ ತಾನೇ ಗೆದ್ದೆನೆಂದು ಗೆರೆ ದಾಟಿ ಎರಡೂ ಕೈ ಎತ್ತಿದರು. ಆನ್ನಾ 1 ನಿಮಿಷ 15 ಸೆಕೆಂಡ್ ಮೊದಲೇ ಗೆದ್ದಾಗಿತ್ತು. ಆಸ್ಟ್ರಿಯಾಕ್ಕೆ ಒಲಿಂಪಿಕ್ ಸೈಕ್ಲಿಂಗಿನಲ್ಲಿ 1896ರ ನಂತರದ ಮೊದಲ ಚಿನ್ನ ಅದು.