ಓದುಗರ ಪ್ರಶ್ನೆಗಳು: ಗೋಡೆಯ ಚಿತ್ರ, ಗಾಜಿನ ಕಟ್ಟಡ ಮತ್ತು ನಮ್ಮ ಬೆಂಗಳೂರು

ಪ್ರಶ್ನೆ: ಮಾನ್ಯರೇ, ನಮ್ಮ ಬಡಾವಣೆಯ ಮೇಲ್ಸೇತುವೆ ಕಂಬಗಳಿಗೂ ಶಾಲೆಯ ಕಾಂಪೌಂಡಿಗೂ ಹುಲಿ, ನವಿಲು, ಯಕ್ಷಗಾನದ ಚಿತ್ರಗಳನ್ನು ಬರೆಸಿದ್ದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಕಿತ್ತುಬಂದು, ಅದರ ಮೇಲೆ ಟ್ಯೂಷನ್ ಜಾಹೀರಾತುಗಳು ಕೂತಿವೆ. ಇದನ್ನು ಸಾರ್ವಜನಿಕ ಕಲೆ ಎನ್ನಬಹುದೇ?
— ಓದುಗರೊಬ್ಬರು, ರಾಜಾಜಿನಗರ

ಉತ್ತರ: ಎನ್ನಬಹುದು, ಆದರೆ ಬರೆಸಿದವರ ಉದ್ದೇಶ ಕಲೆಯೇ ಆಗಿತ್ತೆಂದು ಭಾವಿಸಬೇಕಿಲ್ಲ. 2009ರ ಸುಮಾರಿಗೆ ಬಿಬಿಎಂಪಿಯು ಪ್ರಮುಖ ರಸ್ತೆಗಳ ಗೋಡೆಗಳ ಮೇಲೆ ಸ್ಮಾರಕಗಳು, ಕಾಡುಪ್ರಾಣಿಗಳು ಮತ್ತು ನಿಸರ್ಗದ ದೃಶ್ಯಗಳನ್ನು ಬರೆಸಿದಾಗ, ಪೋಸ್ಟರ್ ಅಂಟಿಸುವುದನ್ನೂ ಗೋಡೆಯ ಬದಿಯಲ್ಲಿ ಮೂತ್ರ ಮಾಡುವುದನ್ನೂ ತಡೆಯುವುದು ಅದರ ಮುಖ್ಯ ಗುರಿಯಾಗಿತ್ತು. ಫ್ಲೆಕ್ಸ್ ಬಂದ ಮೇಲೆ ಕೈಕೆಲಸ ಕಳೆದುಕೊಂಡಿದ್ದ ಸಿನಿಮಾ ಬ್ಯಾನರ್ ಕಲಾವಿದರಿಗೆ ಅದರಿಂದ ಸ್ವಲ್ಪ ಕಾಲ ಕೆಲಸ ಸಿಕ್ಕಿತೆಂಬ ಕಾರಣಕ್ಕಾದರೂ ಆ ಯೋಜನೆಯನ್ನು ನಾನು ಹಗುರವಾಗಿ ಕಾಣಲಾರೆ. ಆದರೂ ಆ ಚಿತ್ರಗಳಿಗೂ ಅವು ಇದ್ದ ರಸ್ತೆಗೂ ನಂಟಿರಲಿಲ್ಲ; ಒಂದು ಗೋಡೆಯ ಹುಲಿಯನ್ನು ಇನ್ನೊಂದು ಬಡಾವಣೆಗೆ ಸಾಗಿಸಿದ್ದರೂ ಯಾರ ಗಮನಕ್ಕೂ ಬರುತ್ತಿರಲಿಲ್ಲ.

ಬಣ್ಣ ಕಿತ್ತುಬಂದದ್ದಕ್ಕೆ ಕಲಾವಿದರನ್ನು ದೂರಬೇಡಿ. ಕಾಂಪೌಂಡ್ ಗೋಡೆಯ ತಳದಿಂದ ಮಣ್ಣಿನ ತೇವವು ಲವಣವನ್ನೂ ಹೊತ್ತುಕೊಂಡು ಮೇಲೇರುತ್ತದೆ. ನೀರು ಆರಿದ ಮೇಲೆ ಉಳಿದ ಉಪ್ಪು ಬಣ್ಣದ ಪದರವನ್ನು ಒಳಗಿನಿಂದ ತಳ್ಳಿ ಗುಳ್ಳೆ ಎಬ್ಬಿಸುತ್ತದೆ. ಅದಕ್ಕೇ ನವಿಲಿನ ಕಾಲು ಮೊದಲು ಉದುರಿ, ಗರಿ ಇನ್ನೂ ಕೆಲಕಾಲ ಉಳಿದಿರುತ್ತದೆ. ತೇವವನ್ನು ತಡೆಯದೆ, ಪ್ರೈಮರ್ ಬಳಿಯದೆ, ಉದ್ಘಾಟನೆಯ ದಿನಾಂಕ ನೋಡಿಕೊಂಡು ಬರೆಸುವ ಚಿತ್ರಗಳ ಗತಿ ಇಷ್ಟೇ.

ಜಾಗದೊಂದಿಗೆ ಮಾತಾಡುವ ಕೆಲಸಗಳೂ ನಮ್ಮಲ್ಲಿ ಆಗಿವೆ. ಸೃಷ್ಟಿ ಕಲಾ ಸಂಸ್ಥೆಯ ವಿದ್ಯಾರ್ಥಿಗಳು ಪೀಣ್ಯ ಮತ್ತು ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣಗಳಲ್ಲಿ ಕೆಲಸ ಮಾಡಿದ್ದಾರೆ. 2016ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅರವಾನಿ ಆರ್ಟ್ ಪ್ರಾಜೆಕ್ಟ್, ರಸ್ತೆಯಲ್ಲಿ ಕೇವಲ ದೂಷಣೆಗೆ ಗುರಿಯಾಗುತ್ತಿದ್ದ ಲಿಂಗತ್ವ ಅಲ್ಪಸಂಖ್ಯಾತರ ಕೈಗೇ ಕುಂಚ ಕೊಟ್ಟು ಅದೇ ರಸ್ತೆಯ ಗೋಡೆಗಳನ್ನು ಬರೆಸಿತು. ಬಾದಲ್ ನಂಜುಂಡಸ್ವಾಮಿಯವರು 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿಯನ್ನು ಕೂರಿಸಿದ್ದನ್ನೂ, 2019ರಲ್ಲಿ ಹೊಂಡಬಿದ್ದ ರಸ್ತೆಯ ಮೇಲೆ ಚಂದ್ರಯಾತ್ರಿಯ ವೇಷದವರನ್ನು ನಡೆಸಿದ್ದನ್ನೂ ಅನೇಕರು ಮರೆತಿರಲಾರರು. ಗುಂಡಿ ಮುಚ್ಚಿದೊಡನೆ ಆ ಕೃತಿಗೆ ನೆಲೆಯೇ ಇರುವುದಿಲ್ಲ. ಅದೇ ಅದರ ಗೆಲುವು. ಹೀಗಾಗಿ ಬಾಳಿಕೆಯನ್ನೇ ಅಳತೆಗೋಲು ಮಾಡಿಕೊಂಡರೆ ಈ ನಗರದ ಅತ್ಯಂತ ಚುರುಕಾದ ಸಾರ್ವಜನಿಕ ಕಲೆ ಲೆಕ್ಕಕ್ಕೇ ಸಿಗುವುದಿಲ್ಲ.

ಪ್ರಶ್ನೆ: ಹೊಸ ಕಟ್ಟಡಗಳೆಂದರೆ ಬರೀ ಗಾಜು. ಸಾಮಾನ್ಯರು ಒಳಹೊಕ್ಕು ನೋಡಬಹುದಾದ ಸಮಕಾಲೀನ ವಾಸ್ತುಶಿಲ್ಪ ಬೆಂಗಳೂರಿನಲ್ಲಿ ಇದೆಯೇ?
— ಓದುಗರೊಬ್ಬರು, ಜಯನಗರ

ಉತ್ತರ: ಇದೆ, ಆದರೆ ಅದು ದೂರದಿಂದ ಮಿಂಚುವುದಿಲ್ಲವಾದ್ದರಿಂದ ಕಣ್ಣಿಗೆ ಬೀಳುವುದು ಕಡಿಮೆ. ಹಳೆಯ ಕೇಂದ್ರ ಕಾರಾಗೃಹವನ್ನು ಪೂರ್ತಿ ಕೆಡವದೆ, ಕಾವಲುಗೋಪುರವನ್ನೂ ಕೆಲವು ಬ್ಯಾರಕ್‌ಗಳನ್ನೂ ಉಳಿಸಿಕೊಂಡು ಮ್ಯಾಥ್ಯೂ ಮತ್ತು ಘೋಷ್ ವಾಸ್ತುಶಿಲ್ಪಿಗಳು ರೂಪಿಸಿದ ಸ್ವಾತಂತ್ರ್ಯ ಉದ್ಯಾನ 2008ರಲ್ಲಿ ತೆರೆಯಿತು. ತುರ್ತುಪರಿಸ್ಥಿತಿಯಲ್ಲಿ ವಿರೋಧ ಪಕ್ಷದ ನಾಯಕರನ್ನು ಕೂಡಿಹಾಕಿದ್ದ ಆವರಣವೇ ಇಂದು ಧರಣಿ ನಡೆಸಲು ನಿಗದಿಯಾದ ಜಾಗ. (ಊರಿನ ಪ್ರತಿಭಟನೆಗಳೆಲ್ಲ ಈ ಒಂದೇ ಆವರಣಕ್ಕೆ ಸೀಮಿತವಾದದ್ದು ಒಳ್ಳೆಯದೇ ಎಂಬುದು ಬೇರೆ ಚರ್ಚೆ.)

ಅದೇ ವಾಸ್ತುಶಿಲ್ಪಿಗಳ ಇನ್ನೊಂದು ಕೆಲಸ, ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ. ಅದರ ಹೊರಮೈಯ ಉಕ್ಕಿನ ಫಲಕಗಳನ್ನು ಹತ್ತಿರದಿಂದ ನೋಡಿ: ಹಳೆಯ ಉಕ್ಕಿನ ನೀರಿನ ಟ್ಯಾಂಕುಗಳ ಮೇಲೆ ಕಾಣುವಂಥದೇ X ಆಕಾರದ ಉಬ್ಬು ಪ್ರತಿ ಫಲಕದ ಮೇಲೂ ಇದೆ. ಟ್ಯಾಂಕಿನಲ್ಲಿ ತೆಳು ತಗಡು ನೀರಿನ ಒತ್ತಡಕ್ಕೆ ಬಾಗದಿರಲೆಂದು ಒತ್ತುತ್ತಿದ್ದ ಆ ಗುರುತು ಇಲ್ಲಿ ಕಟ್ಟಡದ ಅಲಂಕಾರವಾಗಿದೆ. ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ಲಿನ ಬಿದಿರಿನ ಚಾವಣಿ ಇದಕ್ಕಿಂತ ಹೆಚ್ಚು ಹೆಸರಾಗಿದೆ, ನಿಜಕ್ಕೂ ಸುಂದರವಾಗಿದೆ; ಆದರೆ ಟಿಕೆಟ್ ಇಲ್ಲದವರು ಅದನ್ನು ಒಳಗೆ ಹೋಗಿ ನೋಡುವಂತಿಲ್ಲವಾದ್ದರಿಂದ ನಿಮ್ಮ ಪ್ರಶ್ನೆಗೆ ಅದು ಉತ್ತರವಾಗಲಾರದು. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರನ್ನು ಒಂದು ಸಂಜೆ ಕಾರ್ಯಕ್ರಮದ ನೆಪದಲ್ಲಾದರೂ ನೋಡಿಬನ್ನಿ.

ಪ್ರಶ್ನೆ: ನಮ್ಮ ನಿವಾಸಿಗಳ ಸಂಘವು ಪಾರ್ಕಿನ ಗೋಡೆಗೆ ಚಿತ್ರ ಬರೆಸಬೇಕೆಂದಿದೆ. ಅನುಮತಿ ಬೇಕೇ?
— ಓದುಗರೊಬ್ಬರು, ವಿಜಯನಗರ

ಉತ್ತರ: ಬೇಕು. ಗೋಡೆ ಯಾರದೋ ಅವರನ್ನೇ ಲಿಖಿತವಾಗಿ ಕೇಳಬೇಕು. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದಿರುವುದರಿಂದ ನಿಮ್ಮ ಪಾರ್ಕು ಯಾವ ಪಾಲಿಕೆಗೆ ಸೇರಿದೆಯೆಂದು ಮೊದಲು ಖಚಿತಪಡಿಸಿಕೊಳ್ಳಿ. ಮೆಟ್ರೊ ಕಂಬವಾದರೆ ಬಿಎಂಆರ್‌ಸಿಎಲ್ ಅನ್ನು ಕೇಳಬೇಕಾಗುತ್ತದೆ. ಪ್ರಾಯೋಜಕರ ಹೆಸರನ್ನು ದೊಡ್ಡದಾಗಿ ಬರೆಸುವ ಮುನ್ನ ಎಚ್ಚರವಿರಲಿ, ಏಕೆಂದರೆ ತೆರೆದ ಸ್ಥಳಗಳ ವಿರೂಪವನ್ನು ತಡೆಯಲೆಂದು 1981ರಲ್ಲಿ ರಾಜ್ಯ ಮಾಡಿದ ಕಾನೂನಿನಡಿ ಅನುಮತಿಯಿಲ್ಲದ ಜಾಹೀರಾತು ಶಿಕ್ಷಾರ್ಹ ಅಪರಾಧ. ಅರ್ಜಿಯಲ್ಲೇ ಮುಂದಿನ ವರ್ಷಗಳ ನಿರ್ವಹಣೆ ಯಾರದೆಂದೂ ನಮೂದಿಸಿ, ಕಲಾವಿದರ ಸಂಭಾವನೆಯ ಜೊತೆಗೆ ಗೋಡೆಯ ದುರಸ್ತಿಗೂ ಹಣ ತೆಗೆದಿಡಿ.